ಹುಟ್ಟಿನಿಂದ ಬಂದ ಸೊಂಟದ ದೋಷ: ಸ್ಕೇಟಿಂಗ್ ಪಟುವಿಗೆ ಯಾವ ಶಸ್ತ್ರಚಿಕಿತ್ಸೆ ತಕ್ಕದ್ದು?

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ವಯಸ್ಸು 19. ಏಳನೆಯ ವಯಸ್ಸಿನಲ್ಲಿ ಇಲ್ಲಿಯೇ ಗಾಲಿ ಸ್ಕೇಟಿಂಗ್ ಕಲಿತೆ. ನಾಲ್ಕು ವರ್ಷಗಳಿಂದ ಗುರುಗ್ರಾಮದಲ್ಲಿದ್ದು ಐಸ್ ಮೇಲೆ ಫಿಗರ್ ಸ್ಕೇಟಿಂಗ್ ಅಭ್ಯಾಸ ಮಾಡುತ್ತ, ರಾಷ್ಟ್ರಮಟ್ಟದಲ್ಲಿ ಸ್ಪರ್ಧಿಸುತ್ತಿದ್ದೇನೆ. ಒಂದೂವರೆ ವರ್ಷದಿಂದ ಬಲ ತೊಡೆಸಂದಿನಲ್ಲಿ ನೋವಿದೆ. ಜಿಗಿದು ಬಲಗಾಲಿನ ಮೇಲೆ ಇಳಿಯುವಾಗ ಅದು ಹೆಚ್ಚಾಗುತ್ತದೆ. ಈಗೀಗ ಒಂದು ತಾಸು ಕುಳಿತು ಎದ್ದರೂ ನೋಯುತ್ತದೆ, ಒಳಗೆ ‘ಕಟಕ್’ ಎಂದು ಸಪ್ಪಳವಾಗುತ್ತದೆ. ಎರಡೂ ಸೊಂಟದ ಬಟ್ಟಲುಗಳು ಹುಟ್ಟಿನಿಂದಲೇ ಆಳವಾಗಿಲ್ಲ, ಅಂಚಿನ ಕೋನ ಬಲಕ್ಕೆ 16 ಡಿಗ್ರಿ, ಎಡಕ್ಕೆ 21 ಡಿಗ್ರಿ, ಬಲಗಡೆಯ ಲೇಬ್ರಮ್ (ಬಟ್ಟಲಿನ ಅಂಚಿನ ಪಟ್ಟಿ) ಹರಿದಿದೆ, ಕೀಲಿನ ಸಂದು ಸವೆದಿಲ್ಲ ಎಂದು ವರದಿಯಲ್ಲಿದೆ. ದುರ್ಬೀನಿನ ಆಪರೇಷನ್ ಮಾಡಿ ಹರಿದದ್ದನ್ನು ಹೊಲಿದರೆ ನಾಲ್ಕು ತಿಂಗಳಲ್ಲಿ ಐಸ್‌ಗೆ ಮರಳಬಹುದೆಂದು ಒಬ್ಬ ವೈದ್ಯರು ಹೇಳುತ್ತಾರೆ. ಸೊಂಟದ ಎಲುಬನ್ನೇ ಕತ್ತರಿಸಿ ತಿರುಗಿಸಬೇಕು, ಒಂದು ವರ್ಷ ಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. ಕೋಚ್ ಅವರು ಇಂಜೆಕ್ಷನ್ ತೆಗೆದುಕೊಂಡು ಈ ಸೀಸನ್ ಮುಗಿಸು ಎನ್ನುತ್ತಾರೆ. ನಾನು ಕಾಲು ಮುಂದಾಗಿ ಹುಟ್ಟಿದವಳು. ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಬಂದದ್ದಕ್ಕೆ ಹೀಗಾಯಿತೆಂದು ಅವ್ವ ಅಳುತ್ತಾಳೆ. ಮುಂದೆ ಮದುವೆ, ಹೆರಿಗೆಗೆ ತೊಂದರೆಯಾಗುವುದೇ ಎಂಬ ಚಿಂತೆಯೂ ಅವಳಿಗಿದೆ. ನಾನು ಏನು ಮಾಡಬೇಕು?

ಉತ್ತರ: ತಂಗಿ, ನೀವು ಪತ್ರದ ಜೊತೆ ಎಕ್ಸ್-ರೇ ಪ್ರತಿಯನ್ನೂ ಕಳಿಸಿದ್ದು ಒಳ್ಳೆಯದಾಯಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ಎರಡನೆಯ ವೈದ್ಯರು ಸೂಚಿಸಿದ, ಎಲುಬನ್ನು ತಿರುಗಿಸಿ ಕೂಡಿಸುವ ಶಸ್ತ್ರಚಿಕಿತ್ಸೆಯೇ ನಿಮಗೆ ತಕ್ಕದ್ದು. ಹರಿದ ಅಂಚನ್ನಷ್ಟೇ ಹೊಲಿದು ಬಿಡುವುದು ನಿಮ್ಮ ಸೊಂಟಕ್ಕೆ ಸಾಲದು, ಮುಂದೆ ಅದರಿಂದ ಕೇಡಾಗುವ ಸಾಧ್ಯತೆಯೂ ಇದೆ. ಶಸ್ತ್ರಚಿಕಿತ್ಸೆಯ ದಿನವನ್ನು ಸ್ಪರ್ಧೆಗಳ ವೇಳಾಪಟ್ಟಿ ನೋಡಿ ಗೊತ್ತುಮಾಡಬೇಡಿ. ಕೀಲಿನೊಳಗಿನ ಮೃದ್ವಸ್ಥಿ ಇನ್ನೂ ಗಟ್ಟಿಯಾಗಿರುವ ಈ ಅವಧಿಯಲ್ಲೇ ಅದನ್ನು ಮಾಡಿಸಿಕೊಳ್ಳಿ.

ಈಗ ಸೊಂಟದ ರಚನೆಯನ್ನು ಸ್ವಲ್ಪ ನೋಡೋಣ. ತೊಡೆಯ ಎಲುಬಿನ ತುದಿ ಚೆಂಡಿನಂತಿದ್ದು, ಚಪ್ಪೆಯ ಎಲುಬಿನಲ್ಲಿರುವ ಬಟ್ಟಲಿನೊಳಗೆ ಕುಳಿತಿರುತ್ತದೆ. ಬಟ್ಟಲಿನ ಮೇಲ್ಭಾಗವೇ ಚೆಂಡಿನ ಛಾವಣಿ. ಈ ಛಾವಣಿ ಚೆಂಡನ್ನು ಎಷ್ಟು ಮುಚ್ಚಿದೆ ಎಂಬುದನ್ನು ಅಳೆಯುವ ಕ್ರಮವನ್ನು ಸ್ವೀಡನ್ನಿನ ವೈದ್ಯ ವೈಬರ್ಗ್ 1939ರಲ್ಲಿ ವಿವರಿಸಿದರು, ಇಂದಿಗೂ ನಾವು ಅದನ್ನೇ ಬಳಸುತ್ತೇವೆ. ನಿಮ್ಮ ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ನೀವೇ ಇದನ್ನು ನೋಡಬಹುದು. ಬಲ ಚೆಂಡಿನ ನಟ್ಟನಡುವೆ ಒಂದು ಚುಕ್ಕೆ ಇಟ್ಟು, ಅಲ್ಲಿಂದ ನೇರ ಮೇಲಕ್ಕೆ ಒಂದು ಗೆರೆಯನ್ನೂ, ಅದೇ ಚುಕ್ಕೆಯಿಂದ ಛಾವಣಿಯ ಹೊರ ಅಂಚಿಗೆ ಇನ್ನೊಂದು ಗೆರೆಯನ್ನೂ ಪೆನ್ಸಿಲ್ಲಿನಿಂದ ಎಳೆಯಿರಿ. ಶಾಲೆಯ ಕಂಪಾಸ್ ಪೆಟ್ಟಿಗೆಯಲ್ಲಿರುವ ಕೋನಮಾಪಕವನ್ನು ಇಟ್ಟು ನೋಡಿದರೆ, ಆ ಎರಡು ಗೆರೆಗಳ ನಡುವಿನ ಕೋನವೇ ವರದಿಯಲ್ಲಿ ಬರೆದಿರುವ 16 ಡಿಗ್ರಿ. ಅದು 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಹಜ, 20ರಿಂದ 25ರೊಳಗಿದ್ದರೆ ಗಡಿಯಂಚು, 20ಕ್ಕಿಂತ ಕಡಿಮೆಯಿದ್ದರೆ ಡಿಸ್‌ಪ್ಲೇಸಿಯಾ ಎನ್ನುತ್ತೇವೆ. ಹೀಗಾಗಿ ನಿಮ್ಮ ಬಲ ಸೊಂಟಕ್ಕೆ ಈ ದೋಷ ಸ್ಪಷ್ಟವಾಗಿ ಇದೆ, ಎಡ ಸೊಂಟ ಗಡಿಯ ಮೇಲೆ ನಿಂತಿದೆ.

ಛಾವಣಿ ಗಿಡ್ಡವಾದರೆ ಏನಾಗುತ್ತದೆ ಎಂಬುದನ್ನು ಧಾರವಾಡದ ಹಂಚಿನ ಮನೆಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೂರು ಸಾಕಷ್ಟು ಮುಂದೆ ಚಾಚಿರದಿದ್ದರೆ ಮುಂಗಾರಿನ ಇರಚಲು ಗೋಡೆಗೆ ಬಡಿಯುತ್ತದೆ, ಗಿಲಾವು ಉದುರುತ್ತದೆ. ಪ್ರತಿವರ್ಷ ಗಿಲಾವು ಮಾಡಿಸುತ್ತ ಹೋಗಬಹುದು, ಆದರೆ ಸೂರನ್ನು ಚಾಚದ ಹೊರತು ಗೋಡೆ ಉಳಿಯುವುದಿಲ್ಲ. ನಿಮ್ಮ ಲೇಬ್ರಮ್ ಆ ಗೋಡೆಯ ಸ್ಥಾನದಲ್ಲಿದೆ. ಬಟ್ಟಲಿನ ಅಂಚಿಗೆ ರಬ್ಬರಿನ ಪಟ್ಟಿಯಂತೆ ಸುತ್ತುವರಿದಿರುವ ಈ ಭಾಗ ಚೆಂಡನ್ನು ಹಿಡಿದಿಡಲು ಸಹಾಯ ಮಾಡುತ್ತದೆಯೇ ಹೊರತು, ದೇಹದ ಭಾರ ಹೊರುವುದು ಅದರ ಕೆಲಸವಲ್ಲ. ಎಲುಬಿನ ಛಾವಣಿ ಚಿಕ್ಕದಾದಾಗ ಭಾರವು ಸಣ್ಣ ಜಾಗದ ಮೇಲೆ ಒತ್ತುತ್ತದೆ, ಚೆಂಡು ಹೊರಕ್ಕೆ ಸರಿಯಲು ನೋಡುತ್ತದೆ, ಅದನ್ನು ತಡೆಯುವ ಹೊಣೆ ಲೇಬ್ರಮ್ ಮೇಲೆ ಬೀಳುತ್ತದೆ. ಅದು ಮೊದಲು ದಪ್ಪವಾಗುತ್ತದೆ, ಕೊನೆಗೆ ಹರಿಯುತ್ತದೆ.

ಇನ್ನು ನಿಮ್ಮ ಆಟ. ಎಡಕ್ಕೆ ತಿರುಗಿ ಜಿಗಿಯುವವರು ಪ್ರತಿ ಜಿಗಿತವನ್ನೂ ಬಲಗಾಲಿನ ಹೊರ ಅಂಚಿನ ಮೇಲೆ, ಹಿಂದಕ್ಕೆ ಜಾರುತ್ತ ಮುಗಿಸುತ್ತಾರೆ. ಆ ಕ್ಷಣದಲ್ಲಿ ಒಂದೇ ಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಬಲ ಬೀಳುತ್ತದೆ, ಆ ಕಾಲು ಮಡಚಿಕೊಂಡು ತಿರುಗುವ ವೇಗವನ್ನೂ ತಡೆಯಬೇಕಾಗುತ್ತದೆ. ಬೂಟು ಗಡಸಾಗಿರುವುದರಿಂದ ಹಿಮ್ಮಡಿಯ ಕೀಲು ಬಾಗಿ ಆ ಆಘಾತವನ್ನು ಹೀರಿಕೊಳ್ಳಲು ಆಗುವುದಿಲ್ಲ; ಅದು ಮಂಡಿ ಮತ್ತು ಸೊಂಟಕ್ಕೆ ಏರುತ್ತದೆ. ಒಂದು ಅಭ್ಯಾಸದಲ್ಲಿ ಎಷ್ಟು ಜಿಗಿತ, ವಾರಕ್ಕೆ ಎಷ್ಟು ಅಭ್ಯಾಸ ಎಂದು ನೀವೇ ಲೆಕ್ಕ ಹಾಕಿದರೆ, ಎಡಕ್ಕಿಂತ ಬಲ ಸೊಂಟ ಮೊದಲು ಏಕೆ ಸೋತಿತೆಂಬುದು ತಿಳಿಯುತ್ತದೆ. ನಿಮ್ಮಂಥವರ ವಿಷಯದಲ್ಲಿ ನನ್ನ ಮನಸ್ಸಿಗೆ ನೋವು ತರುವ ಸಂಗತಿ ಇನ್ನೊಂದಿದೆ. ಬಟ್ಟಲು ಆಳವಿಲ್ಲದವರ ಕಾಲು ಕೆಲವು ದಿಕ್ಕುಗಳಲ್ಲಿ ಬೇರೆಯವರಿಗಿಂತ ಹೆಚ್ಚು ಹೊರಳುತ್ತದೆ, ಹೆಚ್ಚು ಎತ್ತರಕ್ಕೆ ಏಳುತ್ತದೆ. ಅದನ್ನು ನೋಡಿದ ಶಿಕ್ಷಕರು ಈ ಹುಡುಗಿಗೆ ದೇವರು ಕೊಟ್ಟ ಮೈ ಎಂದು ಮೆಚ್ಚಿ ಇನ್ನಷ್ಟು ಬಗ್ಗಿಸುತ್ತಾರೆ. ನೃತ್ಯ, ಜಿಮ್ನಾಸ್ಟಿಕ್ಸ್, ಸ್ಕೇಟಿಂಗ್ ಮೂರರಲ್ಲಿಯೂ ಮೈಯ ದೋಷವೇ ಪ್ರತಿಭೆಯಂತೆ ಕಂಡು ವರ್ಷಗಟ್ಟಲೆ ಮರೆಯಾಗಿ ಉಳಿಯುವುದುಂಟು. ಹೀಗೆಂದ ಮಾತ್ರಕ್ಕೆ ನೀವು ಸಾಧಿಸಿದ್ದೆಲ್ಲ ದೋಷದ ಫಲವೆಂದು ತಿಳಿಯಬೇಡಿ. ಆ ಜಿಗಿತಗಳನ್ನು ಕಲಿತದ್ದು ನಿಮ್ಮ ದುಡಿಮೆಯಿಂದ.

ದುರ್ಬೀನಿನ ಆಪರೇಷನ್ನಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ನಾಲ್ಕು ತಿಂಗಳು ಎಂಬ ಮಾತು ನಿಮ್ಮನ್ನು ಸೆಳೆದಿರುವುದು ಪತ್ರದಲ್ಲಿ ಕಾಣುತ್ತದೆ. ಆರ್ಥ್ರೋಸ್ಕೋಪಿ ಒಳ್ಳೆಯ ವಿಧಾನ. ಬಟ್ಟಲು ಸಹಜವಾಗಿದ್ದು ಲೇಬ್ರಮ್ ಮಾತ್ರ ಹರಿದಿದ್ದರೆ ನಾನೇ ಅದನ್ನು ಸೂಚಿಸುತ್ತಿದ್ದೆ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ 15ನೆಯ ವಯಸ್ಸಿಗೆ ಚಿನ್ನ ಗೆದ್ದ ಅಮೆರಿಕದ ತಾರಾ ಲಿಪಿನ್‌ಸ್ಕಿ, ಸರಿಯಾದ ಕಾರಣ ತಿಳಿಯದೆ ಬಹುಕಾಲ ಸೊಂಟದ ನೋವನ್ನು ಅನುಭವಿಸಿ, 2000ದಲ್ಲಿ ಹರಿದ ಲೇಬ್ರಮ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆದರೆ ನಿಮ್ಮ ಲೇಬ್ರಮ್ ಹರಿದಿರುವುದು ಛಾವಣಿ ಗಿಡ್ಡವಾಗಿರುವುದರಿಂದ. ಕಾರಣವನ್ನು ಹಾಗೆಯೇ ಬಿಟ್ಟು ಹೊಲಿಗೆ ಹಾಕಿದರೆ, ಮೊದಲ ಜಿಗಿತದಿಂದಲೇ ಅದೇ ಭಾರ ಅದೇ ಹೊಲಿಗೆಯ ಮೇಲೆ ಬೀಳುತ್ತದೆ. ಅಷ್ಟೇ ಅಲ್ಲ, ದುರ್ಬೀನನ್ನು ಒಳಗೆ ಬಿಡಲು ಕೀಲನ್ನು ಸುತ್ತಿರುವ ಚೀಲವನ್ನು ಸ್ವಲ್ಪ ಕೊಯ್ಯಬೇಕಾಗುತ್ತದೆ. ಎಲುಬಿನ ಆಸರೆ ಕಡಿಮೆಯಿರುವ ಸೊಂಟದಲ್ಲಿ ಆ ಚೀಲವೂ ಆಸರೆಯೇ ಆಗಿರುವುದರಿಂದ, ಕೆಲವರಲ್ಲಿ ಕೀಲು ಮೊದಲಿಗಿಂತ ಸಡಿಲವಾಗಿ ಬೇಗ ಸವೆದದ್ದುಂಟು. ಕೋನ 20ರ ಕೆಳಗಿರುವವರಿಗೆ ಕೇವಲ ಆರ್ಥ್ರೋಸ್ಕೋಪಿ ಬೇಡವೆಂದು ಈ ಕ್ಷೇತ್ರದ ಹೆಚ್ಚಿನ ತಜ್ಞರು ಹೇಳುವುದು ಇದೇ ಕಾರಣಕ್ಕೆ. ಛಾವಣಿಯನ್ನು ಸರಿಪಡಿಸುವಾಗಲೇ ಲೇಬ್ರಮ್ ಅನ್ನೂ ಹೊಲಿಯಬೇಕೇ ಎಂಬುದು ಬೇರೆ ವಿಷಯ. ಅದನ್ನು ಶಸ್ತ್ರಚಿಕಿತ್ಸಕರ ನಿರ್ಧಾರಕ್ಕೆ ಬಿಡಿ.

ಕೋಚ್ ಅವರು ಹೇಳಿದ ಇಂಜೆಕ್ಷನ್ ನಿಮಗೆ ಎರಡು ಕಾರಣಗಳಿಗೆ ಬೇಡ. ಮೊದಲನೆಯದಾಗಿ, ಸ್ಟೀರಾಯ್ಡ್ ನೋವನ್ನು ಕೆಲವು ವಾರ ಮರೆಸುತ್ತದೆ, ಆ ವಾರಗಳಲ್ಲಿ ನೀವು ನೋವಿನ ಎಚ್ಚರಿಕೆಯಿಲ್ಲದೆ ಜಿಗಿಯುತ್ತೀರಿ, ಸವೆಯುವುದು ಮೃದ್ವಸ್ಥಿ. ಅದು ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ, ಆಮೇಲೆ ಈ ಶಸ್ತ್ರಚಿಕಿತ್ಸೆಯ ಬಾಗಿಲೇ ಮುಚ್ಚಿಹೋಗುತ್ತದೆ. ಎರಡನೆಯದು ನಿಯಮದ ಮಾತು. 2022ರ ಜನವರಿ 1ರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯು ಇಂಥ ಸ್ಟೀರಾಯ್ಡ್‌ಗಳನ್ನು ಚುಚ್ಚುಮದ್ದಿನ ಯಾವ ರೂಪದಲ್ಲಿ ಕೊಟ್ಟರೂ, ಕೀಲಿನೊಳಗೆ ಕೊಟ್ಟರೂ ಸಹ, ಸ್ಪರ್ಧೆಯ ಅವಧಿಯಲ್ಲಿ ನಿಷೇಧಿಸಿದೆ. ನೋವು ನಿವಾರಕವಾದ ಟ್ರಮಡಾಲ್ ಕೂಡ 2024ರ ಜನವರಿ 1ರಿಂದ ಅದೇ ಪಟ್ಟಿಯಲ್ಲಿದೆ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆಯಿಂದ ಇಷ್ಟು ವರ್ಷಗಳ ಹೆಸರು ಹಾಳಾಗಬಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮಗೆ ಸೂಚಿಸಿರುವುದು ಪೆರಿಅಸೆಟ್ಯಾಬ್ಯುಲರ್ ಆಸ್ಟಿಯೋಟಮಿ; ಬಾಯಿಮಾತಿನಲ್ಲಿ ನಾವು ಪಿಎಒ ಎನ್ನುತ್ತೇವೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೈನ್‌ಹೋಲ್ಡ್ ಗಾಂಟ್ಸ್ ಎಂಬ ವೈದ್ಯರು 1984ರಲ್ಲಿ ಇದನ್ನು ಮೊದಲು ಮಾಡಿ, 1988ರಲ್ಲಿ ಪ್ರಕಟಿಸಿದರು. ತೊಡೆಸಂದಿನ ಮುಂಭಾಗದಲ್ಲಿ ಗೇಣುದ್ದಕ್ಕಿಂತ ಕಡಿಮೆ ಗಾಯ ಮಾಡಿ, ಎಕ್ಸ್-ರೇ ಪರದೆಯನ್ನು ನೋಡುತ್ತ, ಬಾಗಿದ ಉಳಿಗಳಿಂದ ಬಟ್ಟಲಿನ ಸುತ್ತಲಿನ ಎಲುಬನ್ನು ಕತ್ತರಿಸುತ್ತಾರೆ. ಹಿಂಬದಿಯ ಕಂಬದಂಥ ಎಲುಬನ್ನು ಮಾತ್ರ ಕತ್ತರಿಸದೆ ಉಳಿಸುತ್ತಾರೆ. ಗಾಂಟ್ಸ್ ಅವರ ವಿಧಾನದ ಜಾಣತನ ಇರುವುದು ಅಲ್ಲಿಯೇ. ಬಟ್ಟಲು ಬಿಡಿಯಾಗಿ ಚೆಂಡಿನ ಮೇಲೆ ಹೊರಳುತ್ತದೆ, ಆದರೆ ಸೊಂಟದ ಬಳೆ ಮುರಿಯುವುದಿಲ್ಲ. ಛಾವಣಿ ಚೆಂಡಿನ ಮೇಲೆ ಸರಿಯಾಗಿ ಬರುವವರೆಗೆ ಅದನ್ನು ತಿರುಗಿಸಿ, ಮೂರು ನಾಲ್ಕು ಸ್ಕ್ರೂ ಹಾಕಿ ಕೂಡಿಸುತ್ತಾರೆ. ಹೊರಗಿನ ಲೋಹದ ಚೆಂಡಾಗಲಿ ಬಟ್ಟಲಾಗಲಿ ಒಳಗೆ ಸೇರುವುದಿಲ್ಲ. ನಿಮ್ಮದೇ ಮೃದ್ವಸ್ಥಿ, ನಿಮ್ಮದೇ ಎಲುಬು, ನಿಂತ ಕೋನ ಮಾತ್ರ ಬೇರೆ.

ಇದರ ಫಲ ಎಷ್ಟು ಕಾಲ ಉಳಿಯುತ್ತದೆ ಎಂದು ನೀವು ಕೇಳಿಲ್ಲವಾದರೂ ಕೇಳಬೇಕಾದ ಪ್ರಶ್ನೆ ಅದು. ಬರ್ನ್‌ನಲ್ಲಿ ಮಾಡಿದ ಮೊದಲ 75 ಸೊಂಟಗಳಲ್ಲಿ 68ನ್ನು ಸುಮಾರು 20 ವರ್ಷಗಳ ನಂತರ ಪರಿಶೀಲಿಸಿದಾಗ, ಶೇ 60ರಷ್ಟು ಕೀಲು ಬದಲಾವಣೆಯಿಲ್ಲದೆ ಉಳಿದಿದ್ದವು. ಅವು ವಿಧಾನವಿನ್ನೂ ಹೊಸತಾಗಿದ್ದಾಗಿನ ಶಸ್ತ್ರಚಿಕಿತ್ಸೆಗಳು, ಆ ರೋಗಿಗಳಲ್ಲಿ ವಯಸ್ಸಾದವರೂ ಕೀಲು ಸವೆದವರೂ ಇದ್ದರು. ವಯಸ್ಸು ಚಿಕ್ಕದಿದ್ದು ಸವೆತವಿಲ್ಲದವರಿಗೆ ಫಲ ಹೆಚ್ಚು ಕಾಲ ನಿಂತಿತ್ತು. ನಿಮ್ಮ ವರದಿಯ ‘ಕೀಲಿನ ಸಂದು ಸವೆದಿಲ್ಲ’ ಎಂಬ ಒಂದು ಸಾಲಿಗೆ ನಾನು ಇಷ್ಟು ಬೆಲೆ ಕೊಡುವುದು ಆ ಕಾರಣಕ್ಕೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್‌ನಲ್ಲಿ ಚಿನ್ನ ಗೆದ್ದ ಮೇರಿ ಲೂ ರೆಟನ್ ಅವರಿಗೂ ಹುಟ್ಟಿನಿಂದ ಇದೇ ದೋಷವಿತ್ತು. ಅವರು ಮೂವತ್ತರ ಹರೆಯದಲ್ಲೇ ಕೃತಕ ಕೀಲು ಹಾಕಿಸಿಕೊಳ್ಳಬೇಕಾಯಿತು.

ನನ್ನದೇ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಹಲವು ವರ್ಷಗಳ ಹಿಂದೆ ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಕಬಡ್ಡಿ ಆಡುವ ಹುಡುಗಿಯೊಬ್ಬಳು ತೊಡೆಸಂದಿನ ನೋವೆಂದು ಬಂದಿದ್ದಳು. ಎಲ್ಲಿ ನೋವು ಎಂದು ಕೇಳಿದಾಗ ಅವಳು ಹೆಬ್ಬೆರಳನ್ನು ಹಿಂದಕ್ಕೂ ಉಳಿದ ಬೆರಳುಗಳನ್ನು ಮುಂದಕ್ಕೂ ಇಟ್ಟು, ಬಟ್ಟಲು ಹಿಡಿಯುವಂತೆ ಸೊಂಟದ ಪಕ್ಕೆಯನ್ನು ಹಿಡಿದು ತೋರಿಸಿದಳು. ಕೀಲಿನೊಳಗಿನ ನೋವನ್ನು ಜನ ಹಾಗೆಯೇ ತೋರಿಸುತ್ತಾರೆ. ಅದನ್ನು ನಾನು ಓದಿದ್ದೆ, ಆದರೂ ಸ್ನಾಯು ಎಳೆತವೆಂದು ಗುಳಿಗೆ ಬರೆದುಕೊಟ್ಟೆ. ಅವಳು ಎರಡು ವರ್ಷ ಅದೇ ಗುಳಿಗೆ ನುಂಗುತ್ತ ಆಡಿದಳು, ಗದ್ದೆಯಲ್ಲಿಯೂ ದುಡಿದಳು. ಕುಂಟುತ್ತ ಮರಳಿ ಬಂದಾಗ ತೆಗೆಸಿದ ಎಕ್ಸ್-ರೇಯಲ್ಲಿ ಛಾವಣಿಯೂ ಗಿಡ್ಡವಾಗಿತ್ತು, ಸಂದೂ ಮುಚ್ಚಿಹೋಗಿತ್ತು. ಪಿಎಒ ಮಾಡಿಸಬಹುದಾದ ಕಾಲ ಅವಳಿಗೆ ನನ್ನ ಕೈಯಲ್ಲಿಯೇ ದಾಟಿಹೋಯಿತು. ಅಂದಿನಿಂದ ಹರೆಯದ ಹುಡುಗಿ ತೊಡೆಸಂದನ್ನು ಹಾಗೆ ಹಿಡಿದು ತೋರಿಸಿದರೆ, ನಿಂತ ಭಂಗಿಯ ಎಕ್ಸ್-ರೇ ತೆಗೆಸದೆ ನಾನು ಮನೆಗೆ ಕಳಿಸಿಲ್ಲ.

ಅಪಾಯಗಳನ್ನು ಮುಚ್ಚಿಡುವುದಿಲ್ಲ. ತೊಡೆಯ ಹೊರಮೈ ಜೋಮು ಹಿಡಿದಂತೆ ಮರಗಟ್ಟುವುದು ಬಹಳ ಜನರಿಗೆ ಆಗುತ್ತದೆ. ಅದು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಭಾಗದಲ್ಲಿ ಉಳಿದುಬಿಡುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಎಲುಬು ಒಂದು ಕಡೆ ಕೂಡದಿರುವುದು, ಮುಖ್ಯ ನರಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಇಲ್ಲವೆನ್ನಲಾಗದು. ಬಟ್ಟಲನ್ನು ಬೇಕಾದದ್ದಕ್ಕಿಂತ ಹೆಚ್ಚು ತಿರುಗಿಸಿದರೆ ತೊಡೆ ಮಡಚುವಾಗ ಮುಂದೆ ತಾಗಿ ಹೊಸ ನೋವು ಶುರುವಾಗುತ್ತದೆ. ಆದ್ದರಿಂದ ಈ ಕೆಲಸವನ್ನು ಪದೇ ಪದೇ ಮಾಡುವವರ ಕೈಗೇ ಕೊಡಬೇಕು. ನಾನು ಎಲುಬು-ಕೀಲಿನ ವೈದ್ಯನಾದರೂ ಪಿಎಒ ಮಾಡುವುದಿಲ್ಲ, ಅಂಥ ರೋಗಿಗಳನ್ನು ಅದರಲ್ಲಿಯೇ ಪಳಗಿದವರ ಬಳಿಗೆ ಕಳಿಸುತ್ತೇನೆ. ವರ್ಷಕ್ಕೆ ಎಷ್ಟು ಪಿಎಒ ಮಾಡುತ್ತೀರಿ, ನನ್ನ ವಯಸ್ಸಿನ ಆಟಗಾರರಿಗೆ ಮಾಡಿದ್ದೀರಾ, ರಕ್ತದ ಏರ್ಪಾಡು ಹೇಗೆ, ಏನಾದರೂ ತೊಡಕಾದರೆ ಹುಬ್ಬಳ್ಳಿಯಲ್ಲಿ ನನ್ನನ್ನು ಯಾರು ನೋಡುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ಶಸ್ತ್ರಚಿಕಿತ್ಸಕರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಖರ್ಚಿನ ವಿಷಯದಲ್ಲಿ, ಆಯುಷ್ಮಾನ್ ಕಾರ್ಡ್ ಇದ್ದರೆ ಯಾವ ಭಾಗ ಯೋಜನೆಯಲ್ಲಿ ಬರುತ್ತದೆಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ದಾಖಲಾಗುವ ಮೊದಲೇ ವಿಚಾರಿಸಿ.

ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ಮೂರು ತಿಂಗಳು ಬಹಳ ಮುಖ್ಯ. ತೂಕ ಏರಬಾರದೆಂದು ಊಟ ಬಿಡುವ ಅಭ್ಯಾಸ ನಿಮ್ಮ ಆಟದಲ್ಲಿ ಎಲ್ಲೆಡೆ ಇದೆ. ನಿಮಗೆ ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಿದೆಯೇ? ತಿಂಗಳುಗಟ್ಟಲೆ ನಿಂತಿದ್ದರೆ ದೇಹಕ್ಕೆ ಬೇಕಾದಷ್ಟು ಆಹಾರ ಸಿಗುತ್ತಿಲ್ಲದಿರಬಹುದು, ಹಾಗಿದ್ದರೆ ಎಲುಬು ನಿಧಾನವಾಗಿ ಕೂಡುತ್ತದೆ. ಇದನ್ನು ವೈದ್ಯರ ಮುಂದೆ ಹೇಳಲು ನಾಚಬೇಡಿ. ಹಿಮೋಗ್ಲೋಬಿನ್, ಕಬ್ಬಿಣಾಂಶ, ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ಈಗಲೇ ತುಂಬಿಸಿಕೊಳ್ಳಿ. ಮನೆಗೆ ಬಂದಿರುವಾಗ ರೊಟ್ಟಿ, ಕಾಳುಪಲ್ಯ, ಮೊಸರು, ಶೇಂಗಾ ಹಿಂಡಿಯನ್ನು ಹೊಟ್ಟೆ ತುಂಬ ಉಣ್ಣಿ. ಊರುಗೋಲಿನ ಮೇಲೆ ನಡೆಯುವುದನ್ನು ಶಸ್ತ್ರಚಿಕಿತ್ಸೆಯ ನೋವಿಲ್ಲದ ಈ ದಿನಗಳಲ್ಲೇ ಕಲಿತುಕೊಳ್ಳಿ.

ಆಸ್ಪತ್ರೆಯಲ್ಲಿ ನಾಲ್ಕೈದು ದಿನವಿದ್ದು ಮನೆಗೆ ಬಂದ ಮೇಲೆ, ಮೊದಲ ಆರರಿಂದ ಎಂಟು ವಾರ ಎರಡು ಊರುಗೋಲು ಬೇಕು, ಬಲಗಾಲಿನ ಮೇಲೆ 15 ರಿಂದ 20 ಕಿಲೋ ಮೀರಿ ಭಾರ ಹಾಕಬಾರದು. ಅಷ್ಟೆಂದರೆ ಎಷ್ಟು ಎಂದು ಕಾಲಿಗೆ ತಾನಾಗಿ ತಿಳಿಯುವುದಿಲ್ಲ. ಮನೆಯಲ್ಲಿ ತೂಕದ ಯಂತ್ರವನ್ನು ನೆಲದ ಮೇಲಿಟ್ಟು, ಅದೇ ಎತ್ತರದ ಮಣೆಯ ಮೇಲೆ ಎಡಗಾಲಿಟ್ಟು, ಬಲಗಾಲನ್ನು ಯಂತ್ರದ ಮೇಲೆ ಮೆಲ್ಲಗೆ ಒತ್ತಿ, ಮುಳ್ಳು 15ಕ್ಕೆ ಬಂದಾಗ ನಿಲ್ಲಿಸಿ. ದಿನಕ್ಕೆ ನಾಲ್ಕು ಸಲ ಹೀಗೆ ಮಾಡಿದರೆ ಮೂರು ದಿನಗಳಲ್ಲಿ ಅಂಗಾಲಿಗೇ ಲೆಕ್ಕ ಬರುತ್ತದೆ. ಕುಕ್ಕರಗಾಲಿನಲ್ಲಿ ಕೂರುವ ಪಾಯಖಾನೆ ಸದ್ಯಕ್ಕೆ ಬೇಡ, ಕಮೋಡ್ ಕುರ್ಚಿ ತಂದಿಟ್ಟುಕೊಳ್ಳಿ. ಮುಂದೆ ಚಕ್ಕಳಮಕ್ಕಳ ಹಾಕಿ ಕೂರಲು ಬಹಳ ಜನರಿಗೆ ಸಾಧ್ಯವಾಗುತ್ತದೆ. ಧಾರವಾಡಕ್ಕೆ ಫಿಸಿಯೋಥೆರಪಿಗೆ ಹೋಗಬೇಕಾದರೆ ಚಿಗರಿ ಬಸ್ಸು ಅನುಕೂಲ, ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಸಮನಾಗಿರುವುದರಿಂದ ಮೆಟ್ಟಿಲು ಏರಬೇಕಾಗಿಲ್ಲ.

ಸುಮಾರು ಮೂರು ತಿಂಗಳಿಗೆ ಎಕ್ಸ್-ರೇಯಲ್ಲಿ ಎಲುಬು ಕೂಡುತ್ತಿರುವುದು ಕಾಣಬೇಕು. ಅಲ್ಲಿಂದ ನಿಂತ ಸೈಕಲ್, ನೀರಿನಲ್ಲಿ ನಡಿಗೆ, ಉಣಕಲ್ ಕೆರೆಯ ದಂಡೆಯ ಸಮತಟ್ಟು ಹಾದಿ. ನೃಪತುಂಗ ಬೆಟ್ಟದ ಏರು ಆಮೇಲೆ. ಈ ಕಾಲದಲ್ಲಿ ಸೊಂಟದ ಪಕ್ಕೆಯ ಸ್ನಾಯುಗಳನ್ನು ಬಲಪಡಿಸುವುದೇ ಮುಖ್ಯ ಕೆಲಸ. ಕನ್ನಡಿಯ ಮುಂದೆ ಬಲಗಾಲಿನ ಮೇಲೆ ಒಂಟಿಯಾಗಿ ನಿಂತಾಗ ಎಡ ಚಪ್ಪೆ ಕೆಳಗೆ ಜಾರುತ್ತಿದ್ದರೆ ಐಸ್ ಮುಟ್ಟುವ ಕಾಲ ಇನ್ನೂ ಬಂದಿಲ್ಲ. ಆರು ತಿಂಗಳ ಹೊತ್ತಿಗೆ, ಶಸ್ತ್ರಚಿಕಿತ್ಸಕರು ಒಪ್ಪಿದರೆ, ಜಿಗಿತವಿಲ್ಲದೆ ಬರಿಯ ಜಾರುವಿಕೆ ಮತ್ತು ಅಂಚಿನ ಅಭ್ಯಾಸ. ಒಂಬತ್ತು ತಿಂಗಳ ಸುಮಾರಿಗೆ ಒಂದು ಸುತ್ತಿನ ಜಿಗಿತ. ಎರಡು ಸುತ್ತಿನ ಜಿಗಿತಗಳ ಮಾತು ವರ್ಷ ತುಂಬಿದ ಮೇಲೆ. ಇವು ಸಾಮಾನ್ಯ ಅಂದಾಜುಗಳು, ನಿಮ್ಮ ಎಲುಬು ಬೇರೆ ಲೆಕ್ಕ ಹೇಳಿದರೆ ಅದನ್ನೇ ಕೇಳಬೇಕು.

ಮೊದಲಿನಂತೆ ಸ್ಕೇಟ್ ಮಾಡಬಲ್ಲೆನೇ ಎಂಬುದು ಪತ್ರದ ಸಾಲುಗಳ ನಡುವೆ ಇರುವ ಪ್ರಶ್ನೆ. ಪಿಎಒ ಮಾಡಿಸಿಕೊಂಡ ಆಟಗಾರರಲ್ಲಿ ಹೆಚ್ಚಿನವರು ಆಟಕ್ಕೆ ಮರಳುತ್ತಾರೆ, ಆದರೆ ಎಲ್ಲರೂ ಮೊದಲಿನ ಮಟ್ಟಕ್ಕೇ ಏರುತ್ತಾರೆಂದು ನಾನು ಭರವಸೆ ಕೊಡಲಾರೆ. ನಿಮ್ಮ ಅತಿಯಾದ ಬಾಗುವಿಕೆಯಲ್ಲಿ ಸ್ವಲ್ಪ ಕಡಿಮೆಯಾಗಬಹುದು. ಕಾಲನ್ನು ಹಿಂದಿನಿಂದ ತಲೆಯ ಮೇಲೆತ್ತಿ ಹಿಡಿಯುವ ಬೀಲ್‌ಮನ್ ಸ್ಪಿನ್ ಅನ್ನು ಬಿಟ್ಟು ಬೇರೆ ಸ್ಪಿನ್ ಆರಿಸಿಕೊಳ್ಳುವುದು ಜಾಣತನ. ಒಂದು ವರ್ಷ ಹೋದರೆ ವಯಸ್ಸು ಮೀರುತ್ತದೆ ಎಂಬ ಭಯಕ್ಕೆ ಮಾತ್ರ ಈಗ ಮೊದಲಿನಷ್ಟು ಆಧಾರವಿಲ್ಲ. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವೇ 2022ರಲ್ಲಿ ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು ಹಂತ ಹಂತವಾಗಿ 15ರಿಂದ 17ಕ್ಕೆ ಏರಿಸಲು ತೀರ್ಮಾನಿಸಿತು. ಅಮೆರಿಕದ ಅಲಿಸಾ ಲಿಯು 2022ರಲ್ಲಿ 16ನೆಯ ವಯಸ್ಸಿಗೆ ಆಟ ಬಿಟ್ಟು, ಎರಡು ವರ್ಷಗಳ ನಂತರ ಮರಳಿ, 2025ರ ಮಾರ್ಚ್‌ನಲ್ಲಿ ಬಾಸ್ಟನ್ನಿನಲ್ಲಿ ವಿಶ್ವ ಚಾಂಪಿಯನ್ ಆದರು. ಅವರು ಬಿಟ್ಟದ್ದು ಸೊಂಟದ ಕಾರಣಕ್ಕಲ್ಲ, ಆದ್ದರಿಂದ ಹೋಲಿಕೆಯನ್ನು ಹೆಚ್ಚು ಎಳೆಯುವುದಿಲ್ಲ; ಕಲಿತ ವಿದ್ಯೆ ಎರಡು ವರ್ಷಗಳಲ್ಲಿ ಮೈ ಬಿಟ್ಟು ಹೋಗುವುದಿಲ್ಲ ಎಂಬುದಕ್ಕೆ ಮಾತ್ರ ಅವರ ಹೆಸರು ಹೇಳಿದೆ. ಎಡ ಸೊಂಟಕ್ಕೆ ಸದ್ಯ ಶಸ್ತ್ರಚಿಕಿತ್ಸೆ ಬೇಡ. ನೋವಿಲ್ಲದಿರುವವರೆಗೆ ವರ್ಷಕ್ಕೊಮ್ಮೆ ನೋಡಿಸಿಕೊಂಡರೆ ಸಾಕು.

ಇನ್ನು ನಿಮ್ಮ ಅವ್ವನಿಗೆ ಎರಡು ಮಾತು. ತಾಯಿ, ಗ್ರಹಣಕ್ಕೂ ಮಗಳ ಸೊಂಟಕ್ಕೂ ಯಾವ ಸಂಬಂಧವೂ ಇಲ್ಲ, ನೀವು ಮಾಡಿದ ತಪ್ಪು ಯಾವುದೂ ಇಲ್ಲ. ಈ ದೋಷ ಗಂಡುಕೂಸುಗಳಿಗಿಂತ ಹೆಣ್ಣುಕೂಸುಗಳಲ್ಲಿ ಹಲವು ಪಟ್ಟು ಹೆಚ್ಚು. ಚೊಚ್ಚಲು ಕೂಸು, ಮನೆತನದಲ್ಲಿ ಯಾರಿಗಾದರೂ ಇದ್ದದ್ದು, ಎಲ್ಲಕ್ಕಿಂತ ಮುಖ್ಯವಾಗಿ ತಲೆಯ ಬದಲು ಕುಂಡಿ ಅಥವಾ ಕಾಲು ಮುಂದಾಗಿ ಬರುವುದು ಇದಕ್ಕೆ ಕಾರಣಗಳು. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಹೋಗುತ್ತದೆಂದು ನಮ್ಮ ಹಳ್ಳಿಗಳಲ್ಲಿ ಜನ ಹುಡುಕಿಕೊಂಡು ಬರುತ್ತಾರೆ. ನಿಮ್ಮ ಮನೆಗೂ ಬಂದಿರಬಹುದು. ಊರಿನವರೆಲ್ಲ ನೆನಪಿಟ್ಟುಕೊಳ್ಳುವ ಆ ಒಂದು ಸಂಗತಿಯನ್ನು ವೈದ್ಯರಾದ ನಾವು ಕೇಳಿ ಬರೆದುಕೊಂಡಿದ್ದರೆ, ಹುಟ್ಟಿದ ಆರು ವಾರಕ್ಕೆ ಒಂದು ಸ್ಕ್ಯಾನ್ ಮಾಡಿಸಿ, ಪಟ್ಟಿ ಕಟ್ಟಿಯೇ ಇದನ್ನು ಸರಿಪಡಿಸಬಹುದಿತ್ತೇನೋ. ಆ ಲೋಪ ತಾಯಿಯದಲ್ಲ. ಹೆರಿಗೆಯ ಬಗ್ಗೆಯೂ ಹೆದರಬೇಡಿ. ಕೂಸು ಇಳಿದು ಬರುವ ದಾರಿಯ ಎಲುಬಿನ ಬಳೆಯನ್ನು ಈ ಶಸ್ತ್ರಚಿಕಿತ್ಸೆ ಇಕ್ಕಟ್ಟು ಮಾಡುವುದಿಲ್ಲ, ಇದನ್ನು ಮಾಡಿಸಿಕೊಂಡ ಅನೇಕರು ಸಹಜವಾಗಿಯೇ ಹೆತ್ತಿದ್ದಾರೆ. ಎಲುಬು ಪೂರ್ತಿ ಗಟ್ಟಿಯಾಗಲು ಒಂದು ವರ್ಷ ಬಿಟ್ಟರೆ ಸಾಕು. ನಿಮ್ಮ ಮನೆತನದಲ್ಲಿ ಮುಂದೆ ಹುಟ್ಟುವ ಪ್ರತಿ ಕೂಸಿನ ಸೊಂಟವನ್ನೂ ಮಕ್ಕಳ ವೈದ್ಯರಿಂದ ನೋಡಿಸಿ. ಬಾಣಂತಿಯ ಕೋಣೆಯಲ್ಲಿ ಕೂಸಿನ ಕಾಲುಗಳನ್ನು ನೇರ ಎಳೆದು ಬಿಗಿಯಾಗಿ ಸುತ್ತುವುದು ಬೇಡ. ಕಾಲು ಅಗಲಿಸಿ ಬಗಲಲ್ಲಿ ಎತ್ತಿಕೊಳ್ಳುವ ನಮ್ಮ ಹಳೆಯ ರೂಢಿ ಎಳೆಯ ಸೊಂಟಕ್ಕೆ ಬಹಳ ಒಳ್ಳೆಯದು.

ತಂಗಿ, ಸೀಸನ್ನಿನ ಪ್ರವೇಶ ಅರ್ಜಿಯನ್ನು ಈಗ ಕಳಿಸಬೇಡಿ, ಜಿಗಿತಗಳನ್ನು ಇಂದಿನಿಂದಲೇ ನಿಲ್ಲಿಸಿ. ಶಸ್ತ್ರಚಿಕಿತ್ಸಕರನ್ನು ಕಾಣುವಾಗ ನಿಂತು ತೆಗೆಸಿದ ಸೊಂಟದ ಎಕ್ಸ್-ರೇ, ಓರೆಯಾಗಿ ನಿಂತು ತೆಗೆಯುವ ‘ಫಾಲ್ಸ್ ಪ್ರೊಫೈಲ್’ ಚಿತ್ರ, ಎಂಆರ್‌ಐ ಸಿಡಿ, ರಕ್ತ ಪರೀಕ್ಷೆಯ ಕಾಗದ ಇಷ್ಟನ್ನೂ ಜೊತೆಗೆ ಒಯ್ಯಿರಿ. ಬಟ್ಟಲು ಮುಂಭಾಗದಲ್ಲಿ ಎಷ್ಟು ಗಿಡ್ಡವಾಗಿದೆ ಎಂಬುದು ಆ ಓರೆ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ನೀವು ನನಗೆ ಕಳಿಸಿದ ಕಟ್ಟಿನಲ್ಲಿ ಅದೊಂದು ಇರಲಿಲ್ಲ.